ಹೊನ್ನಾವರದ ಹಿನ್ನೀರಿಗೆ 20 ಜನರ ಪೊಂಟೂನ್ ಬೋಟು: ಈ ಅಳತೆ ಸಾಕಾ?

ಕಾಂಡ್ಲಾ_ದಾರಿ ಕೇಳಿದ್ದು:

ಶರಾವತಿಯಲ್ಲಿ ಅಳಿವೆಯಿಂದ (ಹೊಳೆ ಸಮುದ್ರ ಸೇರುವ ಬಾಯಿ) ಒಳಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಪ್ರವಾಸಿಗರನ್ನು ಸುತ್ತಿಸಲು ಒಂದು ಪೊಂಟೂನ್ ಬೋಟು, ಅಂದರೆ ತೇಲುವ ಟ್ಯೂಬುಗಳ ಮೇಲೆ ಚಪ್ಪಟೆ ಡೆಕ್ ಇರುವ ಬೋಟು, ಕಟ್ಟಿಸಬೇಕಾಗಿದೆ. ಸಮುದ್ರದ ಕಡೆ ಹೋಗುವುದಿಲ್ಲ. ಕಾಗದದ ಮೇಲೆ ಈಗ ಇರುವುದು ಇಷ್ಟು:

ಅಲ್ಯೂಮಿನಿಯಂ ಟ್ಯೂಬು ಎರಡು. ವ್ಯಾಸ 600 ಮಿ.ಮೀ., ಉದ್ದ 8 ಮೀ. ಎರಡರ ಮಧ್ಯಗೆರೆಗಳ ಅಂತರ 1.9 ಮೀ. ಡೆಕ್ 8 × 2.5 ಮೀ., 18 ಮಿ.ಮೀ. ಮರೀನ್ ಪ್ಲೈವುಡ್. ಮೇಲೆ ಶೀಟಿನ ಮಾಡು. 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಪ್ರಯಾಣಿಕರು 20, ಸಿಬ್ಬಂದಿ 2.

ನನ್ನ ಲೆಕ್ಕಕ್ಕೆ ಎರಡು ಟ್ಯೂಬು ಸೇರಿ ನಾಲ್ಕೂವರೆ ಟನ್ ಎತ್ತುತ್ತವೆ. ಬೋಟು, ಜನ ಎಲ್ಲ ಸೇರಿ ಮೂರು ಟನ್ ಚಿಲ್ಲರೆ. ಒಂದು ಟನ್ನಿಗೂ ಹೆಚ್ಚು ಉಳಿಯುತ್ತದಲ್ಲ, ಅಷ್ಟು ಸಾಕೇ? ಮೂರನೇ ಟ್ಯೂಬು ಹಾಕಬೇಕೇ? ಟ್ಯೂಬಿನ ತಗಡು 3 ಮಿ.ಮೀ. ಆದರೆ ನಡೆಯುತ್ತದೆಯೇ?

ತೂಗುಗುಂಡು:

ತೇಲುತ್ತದೆ, ಅನುಮಾನವಿಲ್ಲ. ಆದರೆ ಪೊಂಟೂನ್ ಬೋಟು ಮುಳುಗಿ ಕೆಡುವುದು ಕಡಿಮೆ, ಮಗುಚಿ ಕೆಡುವುದೇ ಹೆಚ್ಚು. ಹಾಗಾಗಿ ಎಷ್ಟು ಎತ್ತುತ್ತದೆ ಎನ್ನುವುದನ್ನು ಬದಿಗಿಡಿ. ದಡದಲ್ಲಿ ನೀರುನಾಯಿ ಕಂಡು ಇಪ್ಪತ್ತೂ ಜನ ಒಂದೇ ಕಟಾಂಜನಕ್ಕೆ ಬಂದು ನಿಂತರೆ ಏನಾಗುತ್ತದೆ? ಲೆಕ್ಕ ಅಲ್ಲಿಂದ ಶುರುವಾಗಲಿ.

ಮೊದಲು ತೂಕ. ಎರಡು ಟ್ಯೂಬು 400 ಕೆ.ಜಿ. (4 ಮಿ.ಮೀ. ತಗಡು ಹಿಡಿದಿದ್ದೇನೆ), ಅಡ್ಡತೊಲೆ ಮತ್ತು ಬ್ರಾಕೆಟ್ 140, ಡೆಕ್ 245, ಕಟಾಂಜನ ಮತ್ತು ಆಸನ 160, ಮಾಡು 120, ಎಂಜಿನ್ ಪೆಟ್ರೋಲ್ ಬ್ಯಾಟರಿ 180, ಲಂಗರು ಹಗ್ಗ ಜಾಕೆಟ್ಟು ಇತ್ಯಾದಿ 90. ಒಟ್ಟು 1335. ಕಟ್ಟುವಾಗ ತೂಕ ಏರುವುದು ಖಂಡಿತ, ಇಳಿದದ್ದನ್ನು ಯಾರೂ ಕಂಡಿಲ್ಲ. ಆದ್ದರಿಂದ 1450 ಎನ್ನೋಣ. 22 ಜನ ತಲಾ 75 ಕೆ.ಜಿ., ಚೀಲಕ್ಕೆ ತಲಾ 5: ಅದು 1760. ಎಲ್ಲ ಸೇರಿ 3.2 ಟನ್.

ಟ್ಯೂಬಿನ ಮೂತಿ ಚೂಪು ಮಾಡಿದಾಗ ಗಾತ್ರ ಸ್ವಲ್ಪ ಹೋಗುತ್ತದೆ. ಒಂದೊಂದು ಟ್ಯೂಬಿಗೆ ಉಳಿಯುವುದು 2.1 ಘನ ಮೀಟರ್, ಎರಡಕ್ಕೆ 4.2. ಒಂದು ಘನ ಮೀಟರ್ ನೀರು ಸುಮಾರು ಒಂದು ಟನ್, ಹಾಗಾಗಿ ಎರಡೂ ಎತ್ತುವುದು 4.2 ಟನ್. ಅಂದರೆ ತುಂಬಿದ ಬೋಟಿನಲ್ಲಿ ಟ್ಯೂಬಿನ ಶೇ. 76 ಭಾಗ ನೀರೊಳಗೇ ಇರುತ್ತದೆ. ಕಷ್ಟ ಇರುವುದು ಇಲ್ಲಿ.

ಬೋಟು ವಾಲಿದಾಗ ಅದನ್ನು ತಡೆಯುವುದು ವಾಲಿದ ಕಡೆಯ ಟ್ಯೂಬಿನಲ್ಲಿ ಇನ್ನೂ ಮುಳುಗದೆ ಉಳಿದ ಭಾಗ ಮಾತ್ರ. ಅದು ಪೂರ್ತಿ ಮುಳುಗಿದ ಮೇಲೆ ಕೊಡಲು ಅದರ ಬಳಿ ಏನೂ ಇಲ್ಲ. ಆ ಘಳಿಗೆಯಲ್ಲಿ ತಡೆಯುವ ಬಲ = (ಎರಡೂ ಟ್ಯೂಬಿನ ಒಟ್ಟು ಗಾತ್ರ − ಬೋಟಿನ ತೂಕ) × ಮಧ್ಯದಿಂದ ಟ್ಯೂಬಿಗೆ ಇರುವ ದೂರ. ನಿಮ್ಮದಕ್ಕೆ (4.2 − 3.2) × 0.95, ಅಂದರೆ 0.95 ಟನ್-ಮೀಟರ್ (ಟನ್ನಿನ ತೂಕವನ್ನು ಮೀಟರಿನ ದೂರದಿಂದ ಗುಣಿಸಿದ್ದು). ಸೂತ್ರವನ್ನು ಇನ್ನೊಮ್ಮೆ ನೋಡಿ: ಜನ ಹೆಚ್ಚಿದಷ್ಟೂ ಮಗುಚಿಸುವ ಬಲ ಏರುತ್ತದೆ, ತಡೆಯುವ ಬಲ ಇಳಿಯುತ್ತದೆ. ಎರಡೂ ಏಟು ಒಟ್ಟಿಗೇ ಬೀಳುತ್ತವೆ.

ಇದರಲ್ಲೂ ಕಳೆಯುವುದಿದೆ. ಗುಂಡನೆಯ ಟ್ಯೂಬು ಎಷ್ಟೇ ತಿರುಗಿದರೂ ನೀರು ಎತ್ತುವ ಬಲ ವೃತ್ತದ ಕೇಂದ್ರದ ಮೂಲಕವೇ ಹಾಯುತ್ತದೆ. ಆದ್ದರಿಂದ ತೂಕದ ಕೇಂದ್ರ ಟ್ಯೂಬಿನ ಕೇಂದ್ರಕ್ಕಿಂತ ಎಷ್ಟು ಮೇಲಿದೆಯೋ ಅಷ್ಟೂ ನಿಮಗೆ ನಷ್ಟ. ಜನ ನಿಂತಿರುವಾಗ, ಮಾಡನ್ನೂ ಸೇರಿಸಿದರೆ, ಅದು ಸುಮಾರು 1 ಮೀ. ಮೇಲೆ ಬರುತ್ತದೆ. ಟ್ಯೂಬು ಪೂರ್ತಿ ಮುಳುಗುವುದು ಬರೀ 9 ಡಿಗ್ರಿ ವಾಲಿದಾಗ. ಅಲ್ಲಿ ಈ ಎತ್ತರ ತಿನ್ನುವುದು 3.2 × 1 × 0.156 (9 ಡಿಗ್ರಿಯ ಸೈನ್), ಅಂದರೆ 0.5. ಉಳಿಯಿತು 0.45 ಟನ್-ಮೀಟರ್.

ಇನ್ನು ಮಗುಚಿಸುವ ಬಲ. 20 ಜನ ಒತ್ತೊತ್ತಾಗಿ ನಿಂತರೆ ಚದರ ಮೀಟರಿಗೆ 4 ಜನ ಹಿಡಿಯಿರಿ. 5 ಚ.ಮೀ. ಬೇಕು, ಅಂದರೆ ಕಟಾಂಜನದ ಉದ್ದಕ್ಕೂ 63 ಸೆಂ.ಮೀ. ಅಗಲದ ಪಟ್ಟಿ. ಅದರ ನಡು ಬೋಟಿನ ಮಧ್ಯದಿಂದ 0.94 ಮೀ. ದೂರ. 1.5 ಟನ್ × 0.94 = 1.4 ಟನ್-ಮೀಟರ್. ತಡೆಯಲು ಇರುವುದು 0.45, ಬೀಳಿಸಲು ಬರುವುದು 1.4. ಗಾಳಿಯ ಲೆಕ್ಕ ಇನ್ನೂ ಹಿಡಿದೇ ಇಲ್ಲ.

ಪೊಂಟೂನಿನ ಇನ್ನೊಂದು ಕೆಟ್ಟ ಗುಣ ಎಂದರೆ ಅದು ಮುನ್ಸೂಚನೆ ಕೊಡುವುದಿಲ್ಲ. ಮೊದಲ ನಾಲ್ಕೈದು ಡಿಗ್ರಿ ಕಲ್ಲಿನ ಹಾಗೆ ಗಟ್ಟಿ. ಜನಕ್ಕೆ ಧೈರ್ಯ ಬರುವುದೇ ಆಗ. ಟ್ಯೂಬಿನ ನೆತ್ತಿಗೆ ನೀರು ಮುಟ್ಟಿತೋ, ಒಮ್ಮೆಲೇ ಹೋಯಿತು.

ಮೂರನೇ ಟ್ಯೂಬಿನ ಬಗ್ಗೆ: ನಡುವಿನ ಟ್ಯೂಬು ಭಾರ ಹೊರುತ್ತದೆ, ಆದರೆ ಮಧ್ಯದಿಂದ ಅದಕ್ಕೆ ದೂರವೇ ಇಲ್ಲದ್ದರಿಂದ ವಾಲುವುದನ್ನು ನೇರವಾಗಿ ತಡೆಯುವುದಿಲ್ಲ. ಇದೇ ಅಳತೆಯಲ್ಲಿ ಮೂರು ಟ್ಯೂಬು ಹಾಕಿದರೂ ಕೊನೆಗೆ ಸಿಗುವುದು 0.9 ಟನ್-ಮೀಟರ್ ಆಸುಪಾಸು. 1.4ಕ್ಕೆ ಅದೂ ಸಾಲದು. ಆ ದುಡ್ಡನ್ನು ವ್ಯಾಸಕ್ಕೂ ಅಂತರಕ್ಕೂ ಹಾಕಿ.

ನನ್ನ ಸಲಹೆ: ಟ್ಯೂಬು ಎರಡೇ ಇರಲಿ, ವ್ಯಾಸ 750 ಮಿ.ಮೀ., ಉದ್ದ 9 ಮೀ., ಅಂತರ 2.3 ಮೀ., ಡೆಕ್ 8.4 × 2.8 ಮೀ., ಪ್ರಯಾಣಿಕರು 12, ಸಿಬ್ಬಂದಿ 2. ಒಟ್ಟು ತೂಕ 2.8 ಟನ್, ಗಾತ್ರ 7.3 ಘನ ಮೀಟರ್. ಮುಳುಗುವುದು ಶೇ. 38. ಇಲ್ಲಿ ಒಂದೇ ಟ್ಯೂಬು ಇಡೀ ಬೋಟನ್ನು ಹೊರಬಲ್ಲದು. ಆದ್ದರಿಂದ ಕೆಳಗಿನದು ಮುಳುಗುವ ಮೊದಲೇ ಮೇಲಿನದು ನೀರಿನಿಂದ ಮೇಲೇಳುತ್ತದೆ. ಎಲ್ಲ ಕಳೆದು ತಡೆಯುವ ಬಲ ಸುಮಾರು 2.5 ಟನ್-ಮೀಟರ್. 12 ಜನ ಒಂದೇ ಬದಿಗೆ ಬಂದರೆ 1.1. ಟ್ಯೂಬಿನ ಹೊರ ಅಂಚು ಡೆಕ್ಕಿಗಿಂತ 12 ಸೆಂ.ಮೀ. ಆಚೆ ಇರುವುದನ್ನೂ ಗಮನಿಸಿ. ಜನ ನಿಲ್ಲುವ ಜಾಗಕ್ಕಿಂತ ತೇಲುವ ಜಾಗ ಅಗಲವಾಗಿರಬೇಕು. ಹಬ್ಬದ ದಿನ ಯಾರೋ ಮಾತು ಕೇಳದೆ 20 ಜನರನ್ನು ಹತ್ತಿಸಿದರೂ ಇದು ಮಗುಚುವುದಿಲ್ಲ. ಆದರೆ ಫಲಕದಲ್ಲಿ ಬರೆಯುವುದು 12 ಮಾತ್ರ.

ಕಾಂಡ್ಲಾ_ದಾರಿ:

20ರಿಂದ 12ಕ್ಕೆ ಇಳಿದರೆ ಆದಾಯದ ಲೆಕ್ಕವೇ ಬೇರೆಯಾಗುತ್ತದೆ. 75 ಕೆ.ಜಿ. ಸ್ವಲ್ಪ ಹೆಚ್ಚಾಯಿತು ಅನಿಸುವುದಿಲ್ಲವೇ? ಮಕ್ಕಳೂ ಇರುತ್ತಾರಲ್ಲ. 65 ಹಿಡಿದರೆ?

ತೂಗುಗುಂಡು:

ಬೇಡ. 2004ರ ಮಾರ್ಚ್ 6ರಂದು ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ ಲೇಡಿ ಡಿ ಎಂಬ ಪೊಂಟೂನ್ ವಾಟರ್ ಟ್ಯಾಕ್ಸಿ ಬಿರುಗಾಳಿಗೆ ಮಗುಚಿ 5 ಜನ ಸತ್ತರು. ಬೋಟಿನಲ್ಲಿ ಇದ್ದದ್ದು 25 ಜನ, ಅನುಮತಿ ಇದ್ದದ್ದೂ 25ಕ್ಕೇ. ಆ ಅನುಮತಿ ಕೊಡುವಾಗ ಹಿಡಿದದ್ದು ತಲಾ 140 ಪೌಂಡ್, ಅಂದರೆ 63.5 ಕೆ.ಜಿ. ನಿಜವಾದ ತೂಕ ಅದಕ್ಕಿಂತ ಹೆಚ್ಚಿತ್ತು. ಸ್ಥಿರತೆ ಪರೀಕ್ಷೆಯನ್ನು ಆ ಬೋಟಿನ ಮೇಲಲ್ಲ, ಅದೇ ಮಾದರಿಯದೆಂದು ಹೇಳಿದ ಇನ್ನೊಂದು ಬೋಟಿನ ಮೇಲೆ ಮಾಡಿದ್ದರು. 2011ರಿಂದ ಅಲ್ಲಿ ತಲಾ 185 ಪೌಂಡ್, ಸುಮಾರು 84 ಕೆ.ಜಿ. ಹಿಡಿಯುತ್ತಾರೆ. 65ರ ಮಾತು ಅಲ್ಲಿಗೇ ಬಿಡಿ.

ಜನ ಒಂದೇ ಕಡೆ ಸರಿಯುವುದು ಬರೀ ಊಹೆ ಎಂದುಕೊಳ್ಳಬೇಡಿ. 2009ರ ಕೇರಳದ ತೇಕ್ಕಡಿ ಬೋಟು ದುರಂತದಲ್ಲಿ 45 ಜನ ಹೋದದ್ದಕ್ಕೆ ದಡದ ಪ್ರಾಣಿಗಳನ್ನು ನೋಡಲು ಜನ ಒಂದು ಬದಿಗೆ ಸರಿದದ್ದೂ ಒಂದು ಕಾರಣ.

ಆರ್ಗಾನ್_ಸಿಲಿಂಡರ್:

ಲೋಹದ ವಿಷಯಕ್ಕೆ ಬರುತ್ತೇನೆ. 3 ಮಿ.ಮೀ. ಕೆರೆಗೆ, ಮನೆಮಂದಿಯ ಬೋಟಿಗೆ ಸರಿ. ದಿನಕ್ಕೆ ಹತ್ತು ಸಲ ದಕ್ಕೆಗೆ ತಾಗುವ, ಇಳಿತದಲ್ಲಿ ಮರಳಿಗೆ ಕೂರುವ ಬಾಡಿಗೆ ಬೋಟಿಗೆ 4 ಮಿ.ಮೀ. ಬೇಕು. ಅಡಿಯಲ್ಲಿ ಉದ್ದಕ್ಕೂ ಒಂದು ಉಜ್ಜುಪಟ್ಟಿ. ಉಪ್ಪುನೀರಾದ್ದರಿಂದ 5083 ದರ್ಜೆಯ ತಗಡು, ತಗಡು ತಯಾರಿಸಿದ ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರ ಸಮೇತ. ಅಂಗಡಿಯವ "ಮರೀನ್ ಗ್ರೇಡೇ ಸಾರ್" ಎಂದರೆ ಅದು ಪ್ರಮಾಣಪತ್ರವಾಗುವುದಿಲ್ಲ. ವೆಲ್ಡಿಂಗ್ ತಂತಿ 5356 ಅಥವಾ 5183.

ಅಲ್ಯೂಮಿನಿಯಂ ವೆಲ್ಡಿಂಗ್ ಕೆಡುವುದು ಮುಖ್ಯವಾಗಿ ತೇವದಿಂದ, ಕೊಳೆಯಿಂದ. ಕರಾವಳಿಯ ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿ ಹಾಕಿದ ಬೆಸುಗೆಯ ಒಳಗೆ ಇಡ್ಲಿಯ ಹಾಗೆ ತೂತುಗಳಿರುತ್ತವೆ, ಮೇಲೆ ಮಾತ್ರ ಹೊಳೆಯುತ್ತದೆ. ಅಂಚನ್ನು ಅಸಿಟೋನ್‌ನಿಂದ ಒರೆಸಿ, ಆಮೇಲೆ ಸ್ಟೀಲ್ ಬ್ರಷ್ಷಿನಿಂದ ಉಜ್ಜಬೇಕು. ಹಿಂದುಮುಂದಾದರೆ ಜಿಡ್ಡನ್ನು ಲೋಹದೊಳಗೆ ತಿಕ್ಕಿದಂತಾಗುತ್ತದೆ. ಬ್ರಷ್ಷು ಸ್ಟೇನ್‌ಲೆಸ್ ಇರಲಿ, ಕಬ್ಬಿಣಕ್ಕೆ ಒಮ್ಮೆಯೂ ಬಳಸಿದ್ದು ಬೇಡ. ತಂತಿಯ ಸುರುಳಿಯನ್ನು ರಾತ್ರಿ ಮಷೀನಿನಲ್ಲೇ ಬಿಡಬೇಡಿ.

ಒಂದೊಂದು ಟ್ಯೂಬಿನಲ್ಲಿ 4 ಅಡ್ಡಗೋಡೆ, 5 ಕೋಣೆ, ಕೋಣೆಗೆ 1.8 ಮೀ. ಒಂದು ಕೋಣೆ ಪೂರ್ತಿ ತುಂಬಿದರೆ 0.8 ಟನ್ ನೀರು ಒಂದು ಬದಿಗೆ ಸೇರಿತು ಎಂದು ಅರ್ಥ. ತೂಗುಗುಂಡು ಅವರ ಅಳತೆಯಲ್ಲಿ ಅದು 0.9 ಟನ್-ಮೀಟರ್. ಜನರ 1.1 ಸೇರಿದರೂ ತಡೆಯುತ್ತದೆ. ಮೊದಲಿನ ಅಳತೆಯಲ್ಲಿ ಒಂದು ಕೋಣೆ ತುಂಬಿದ್ದರೆ ಮಾತೇ ಇರುತ್ತಿರಲಿಲ್ಲ.

ಪ್ರತಿ ಕೋಣೆಯನ್ನೂ ಬೇರೆಬೇರೆಯಾಗಿ ಗಾಳಿ ತುಂಬಿ ಪರೀಕ್ಷಿಸಬೇಕು. ಇಲ್ಲಿ ಎಡವುವವರು ಬಹಳ. ಕಂಪ್ರೆಸರ್ ಹಚ್ಚಿ ಮಾಪಕ ನೋಡುತ್ತಾ ನಿಂತರೆ ಅಡ್ಡಗೋಡೆ ತಟ್ಟೆಯ ಹಾಗೆ ಉಬ್ಬಿ ಬೆಸುಗೆ ಬಿಡುತ್ತದೆ. ಬೇಕಾದ ಒತ್ತಡ ಬರೀ 0.1 ಬಾರ್, ಅಂದರೆ ಸುಮಾರು 1 ಮೀಟರ್ ನೀರಿನ ಎತ್ತರ. ಒಂದು ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಗೋಡೆಗೆ ಕಟ್ಟಿ ನೀರು ತುಂಬಿ, ಒಂದು ತುದಿಯನ್ನು ಕೋಣೆಗೆ ಜೋಡಿಸಿ. ಎರಡು ಬದಿಯ ನೀರಿನ ಮಟ್ಟದಲ್ಲಿ 1 ಮೀ. ಅಂತರ ಬಂದಾಗ ನಿಲ್ಲಿಸಿ. ಒತ್ತಡ ಮೀರಿದರೆ ನೀರೇ ಹೊರಗೆ ಚೆಲ್ಲುತ್ತದೆ, ಬೇರೆ ಸುರಕ್ಷಾ ಕವಾಟ ಬೇಡ. 15 ನಿಮಿಷ ಬಿಟ್ಟು, ಎಲ್ಲ ಬೆಸುಗೆಗೂ ಸೋಪುನೀರು ಹಚ್ಚಿ ನೋಡಿ. ಬೆಳಿಗ್ಗೆ, ನೆರಳಲ್ಲಿ ಮಾಡಿ. ಬಿಸಿಲು ಬಿದ್ದರೆ ಒಳಗಿನ ಗಾಳಿ ಹಿಗ್ಗಿ ಸೋರಿಕೆಯನ್ನು ಮುಚ್ಚಿಡುತ್ತದೆ.

ಸೂಜಿಮೊನೆಯಷ್ಟು ತೂತು ಉಳಿದರೂ ನೀರು ಹೇಗೆ ತುಂಬುತ್ತದೆ ಗೊತ್ತೇ? ಮಧ್ಯಾಹ್ನ ಕಾದ ಟ್ಯೂಬು ಸಂಜೆ ತಣಿಯುವಾಗ ಒಳಗೆ ಒತ್ತಡ ಇಳಿದು ನೀರನ್ನು ಹೀರುತ್ತದೆ. ದಿನಾ ಒಂದು ಗುಟುಕು. ಅದಕ್ಕೇ ಪ್ರತಿ ಕೋಣೆಯ ನೆತ್ತಿಯಲ್ಲಿ ತಿರುಪಿನ ಮುಚ್ಚಳ ಬೇಕು. ತಿಂಗಳಿಗೊಮ್ಮೆ ತೆರೆದು ಕೋಲು ಇಳಿಸಿ ನೋಡಬೇಕು. ಒಳಗೆ ಪಿಯು (ಪಾಲಿಯುರೆಥೇನ್) ಫೋಮ್ ಸುರಿಸುವ ಸಲಹೆ ಬರುತ್ತದೆ. ನಾನು ಹಾಕಿಸುವುದಿಲ್ಲ. ವರ್ಷಗಳಲ್ಲಿ ಅದು ನೀರು ಕುಡಿಯುತ್ತದೆ, ಸವೆತ ಕಾಣಿಸದಂತೆ ಮಾಡುತ್ತದೆ, ಮುಂದೆ ದುರಸ್ತಿಗೆ ಬೆಸುಗೆ ಹಾಕಹೋದರೆ ವಿಷದ ಹೊಗೆ.

ಅಡ್ಡತೊಲೆ 6061-ಟಿ6 ದರ್ಜೆಯ ಅಲ್ಯೂಮಿನಿಯಂ ಚಾನೆಲ್, 100 × 50 × 5 ಮಿ.ಮೀ., ಪ್ರತಿ 450 ಮಿ.ಮೀ.ಗೆ ಒಂದು. ಇದನ್ನು ನಡುವೆ ಎಲ್ಲೂ ವೆಲ್ಡ್ ಮಾಡಬೇಡಿ, ಶಾಖ ತಗುಲಿದ ಕಡೆ ಈ ದರ್ಜೆಯ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಟ್ಯೂಬಿಗೆ ಬೆಸೆದ ಬ್ರಾಕೆಟ್ಟಿಗೆ 316 ಸ್ಟೇನ್‌ಲೆಸ್ ಬೋಲ್ಟಿನಿಂದ ಬಿಗಿಯಿರಿ. ಹಾಗೆ ಬಿಚ್ಚಿ ಜೋಡಿಸುವಂತಿದ್ದರೆ 3 ಮೀ. ಅಗಲದ ಬೋಟನ್ನು ಲಾರಿಯಲ್ಲಿ ಒಯ್ಯುವ ತಲೆನೋವೂ ಇಲ್ಲ, ಟ್ಯೂಬು ಬೇರೆ ಡೆಕ್ ಬೇರೆ ತಂದು ದಡದಲ್ಲೇ ಕಟ್ಟಬಹುದು. ಬ್ರಾಕೆಟ್ಟನ್ನು ಬರೀ ತಗಡಿಗೆ ಬೆಸೆದರೆ ಒಂದೆರಡು ವರ್ಷದಲ್ಲಿ ಅದರ ಮೂಲೆಯಿಂದ ಬಿರುಕು ಏಳುತ್ತದೆ. ಕೆಳಗೆ ಅಗಲವಾದ ತಡಿಪಟ್ಟಿ ಹಾಕಿ, ಅದರ ಮೂಲೆಗಳನ್ನು ದುಂಡಗೆ ಮಾಡಿ. ಅಲೆ ಓರೆಯಾಗಿ ಬಂದಾಗ ಎರಡು ಟ್ಯೂಬು ಕತ್ತರಿಯ ಹಾಗೆ ತಿರುಚುತ್ತವೆ. ಆ ಒತ್ತಡ ಮೊದಲ ಮತ್ತು ಕೊನೆಯ ತೊಲೆಗಳ ಬೋಲ್ಟಿಗೆ ಬೀಳುತ್ತದೆ. ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆಯೇ ಎಂದು ನೋಡಬೇಕಾದ್ದು ಅಲ್ಲೇ. ಕೆಳಗೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಕೊಡಿ.

ಬೋಲ್ಟು ಅಲ್ಯೂಮಿನಿಯಂಗೆ ತಾಗುವಲ್ಲಿ ನೈಲಾನ್ ವಾಷರ್ ಮತ್ತು ಪೇಸ್ಟ್ ಕಡ್ಡಾಯ. ಪ್ಲೈವುಡ್ ತಾಮ್ರ ಬೆರೆತ ರಾಸಾಯನಿಕದಿಂದ ಸಂಸ್ಕರಿಸಿದ್ದಾದರೆ ತೊಲೆಯ ಮೇಲೆ ರಬ್ಬರ್ ಪಟ್ಟಿ ಹಾಕಿ ಕೂರಿಸಿ, ಇಲ್ಲದಿದ್ದರೆ ಒದ್ದೆಯಾದಾಗಲೆಲ್ಲ ತೊಲೆಯನ್ನು ತಿನ್ನುತ್ತದೆ. ತಾಮ್ರದ ಆಂಟಿಫೌಲಿಂಗ್ ಬಣ್ಣ (ಚಿಪ್ಪು, ಪಾಚಿ ಅಂಟದಂತೆ ಬಳಿಯುವುದು) ಟ್ಯೂಬಿನ ಹತ್ತಿರ ಸುಳಿಯಕೂಡದು. ಟ್ಯೂಬಿನ ಬದಲು ತಾನು ಸವೆಯಲೆಂದು ಹಾಕುವ ಲೋಹದ ತುಂಡು (ಆನೋಡ್) ಅಲ್ಯೂಮಿನಿಯಂದೇ ಇರಲಿ. ಮಳೆಗಾಲದಲ್ಲಿ ಹೊಳೆ ಸಿಹಿಯಾದಾಗ ಸತುವಿನದು ಮೇಲ್ಪದರ ಕಟ್ಟಿ ಕೆಲಸ ನಿಲ್ಲಿಸುತ್ತದೆ.

ಹೊಸ_ಹುಟ್ಟು:

ಇಷ್ಟೆಲ್ಲ ಖರ್ಚು ಯಾಕೆ? 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು 30 ಜೋಡಿಸಿದರೆ ಆರು ಟನ್ ತೇಲುತ್ತದೆ.

ಆರ್ಗಾನ್_ಸಿಲಿಂಡರ್:

ತೇಲುವ ದಕ್ಕೆಗೆ ಹಾಕಿ, ಚೆನ್ನಾಗಿರುತ್ತದೆ. ಓಡುವ ಬೋಟಿಗೆ ಬೇಡ ಮಾರಾಯ್ರೇ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಪಟ್ಟಿ ಸಡಿಲಾಗಿ ಒಂದು ಡ್ರಮ್ಮು ಜಾರಿದರೆ ಪಕ್ಕದ್ದೂ ಸಡಿಲವಾಗುತ್ತದೆ, ಮುಂದೆ ಚಪ್ಪಟೆ ಇರುವುದರಿಂದ ನೀರನ್ನು ತಳ್ಳಿಕೊಂಡೇ ಹೋಗುತ್ತದೆ. ಅದಕ್ಕೆ ಪ್ರಯಾಣಿಕರ ಬೋಟೆಂದು ಸರ್ವೆಯಲ್ಲಿ (ಬೋಟಿನ ಅಧಿಕೃತ ತಪಾಸಣೆಯಲ್ಲಿ) ಯಾರೂ ಸಹಿ ಹಾಕುವುದಿಲ್ಲ.

ಹಳೇ_ದಕ್ಕೆ:

ಕೆಲವು ವಿಷಯ ಬಿಟ್ಟುಹೋಗಿವೆ.

ಎಲ್ಲಕ್ಕೂ ಮೊದಲು ಕಾಗದ. ಒಳನಾಡು ಹಡಗುಗಳ ಕಾಯ್ದೆ 2021 ಬಂದ ಮೇಲೆ 1917ರ ಹಳೇ ಕಾಯ್ದೆ ಹೋಯಿತು. ಸರ್ವೆ, ನೋಂದಣಿ, ಸಿಬ್ಬಂದಿಯ ಅರ್ಹತೆ, ವಿಮೆ ಎಲ್ಲ ಅದರಡಿ. ನಮ್ಮಲ್ಲಿ ಇದನ್ನು ನೋಡುವ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕೇಂದ್ರ ಕಚೇರಿ ಕಾರವಾರದಲ್ಲಿದೆ. ತಗಡು ಕತ್ತರಿಸುವ ಮೊದಲೇ ನಕ್ಷೆ, ತೂಕದ ಪಟ್ಟಿ, ಸ್ಥಿರತೆಯ ಲೆಕ್ಕ ಹಿಡಿದು ಹೋಗಿ. ನೌಕಾ ವಿನ್ಯಾಸಕಾರರ ಸಹಿ ಇರಲಿ. ಇಲ್ಲಿನ ಲೆಕ್ಕ ನಿಮಗೆ ಪ್ರಶ್ನೆ ಕೇಳಲು ಸಾಕು, ಸಹಿಗೆ ಬದಲಾಗುವುದಿಲ್ಲ. ಕಟ್ಟಿ ಮುಗಿಸಿ ಆಮೇಲೆ ಕಾಗದ ಮಾಡಿಸಿದರಾಯಿತು ಎಂದು ಹೊರಟವರು ಟ್ಯೂಬನ್ನು ಕೊಯ್ದು ಮತ್ತೆ ಬೆಸೆದದ್ದುಂಟು.

ಮುಂಭಾಗದ ಬಗ್ಗೆ ಯಾರೂ ಹೇಳಲಿಲ್ಲ. ಎಲ್ಲರೂ ಫೋಟೋಕ್ಕೆ ಮುಂದೆ ಬಂದು ನಿಂತಾಗ ಚಾಲಕ ಥ್ರಾಟಲ್ ಒಮ್ಮೆಲೇ ಇಳಿಸಿದರೆ ಮೂತಿ ಕುಸಿದು ಹಿಂದಿನ ಅಲೆ ತಳ್ಳುತ್ತದೆ, ನೀರು ಡೆಕ್ಕಿಗೆ ಏರುತ್ತದೆ. ಮೂತಿ ಮೇಲ್ಮುಖವಾಗಿ ಬಾಗಿರಲಿ, ಡೆಕ್ ಟ್ಯೂಬಿನ ತುದಿಗಿಂತ 60 ಸೆಂ.ಮೀ. ಹಿಂದೆಯೇ ನಿಲ್ಲಲಿ, ಮುಂದಿನ ಬಾಗಿಲು ಇನ್ನೂ ಹಿಂದಿರಲಿ. ಆಸನ ಎರಡು ಬದಿಗೂ ಸಮ, ಬೋಲ್ಟ್ ಹಾಕಿ ಕೂರಿಸಿ. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಬೋಟು ವಾಲಿದಾಗ ಕುರ್ಚಿ ಸಮೇತ ಜನ ಜಾರುತ್ತಾರೆ. ಕಟಾಂಜನ 1 ಮೀ.ಗಿಂತ ಕಡಿಮೆ ಬೇಡ, ಕಂಬಿಗಳ ನಡುವೆ ಮಗುವಿನ ತಲೆ ತೂರಬಾರದು.

ಮಾಡು ಹಗುರ ಇರಲಿ, ಅದಕ್ಕೆ ಏಣಿ ಇರಲೇಕೂಡದು. ಮಳೆ ಬಂತೆಂದು ಬದಿಗಳಿಗೆ ಟಾರ್ಪಾಲ್ ಇಳಿಸುವ ಚಾಳಿ ಅಪಾಯ. 8 × 2 ಮೀ. ಟಾರ್ಪಾಲ್ ಎಂದರೆ ಹಾಯಿಯೇ ಆಯಿತು. ಸೆಕೆಂಡಿಗೆ 20 ಮೀ. ಗಾಳಿಗೆ ಚದರ ಮೀಟರಿಗೆ 25 ಕೆ.ಜಿ. ಒತ್ತುತ್ತದೆ, ಅದೊಂದೇ 0.6 ಟನ್-ಮೀಟರ್. ಮಗುಚಿದರೆ ಅದರೊಳಗೆ ಸಿಕ್ಕಿದವರು ಹೊರಬರುವುದೂ ಕಷ್ಟ, ಜಾಕೆಟ್ ಅವರನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ. ಬದಿ ತೆರೆದೇ ಇರಲಿ. ಮಳೆ ಬಂದರೆ ದಡಕ್ಕೆ ಬನ್ನಿ. ಜಾಕೆಟ್ ಮಕ್ಕಳ ಅಳತೆಯದೂ ಇರಲಿ, ದಕ್ಕೆಯಲ್ಲೇ ತೊಡಿಸಿ ಹತ್ತಿಸಿ. ಆಸನದ ಕೆಳಗೆ ಕಟ್ಟಿಟ್ಟ ಜಾಕೆಟ್ ಸರ್ವೆಯವರಿಗೆ ತೋರಿಸಲು ಮಾತ್ರ ಉಪಯೋಗ.

ಎಂಜಿನ್ 40 ಎಚ್‌ಪಿ ಬೇಕಿಲ್ಲ. ಈ ಉದ್ದದ ಬೋಟು ಗಂಟೆಗೆ 12–13 ಕಿ.ಮೀ. ಮೀರಿದರೆ ಪೆಟ್ರೋಲ್ ಸುಡುತ್ತದೆಯೇ ಹೊರತು ಓಡುವುದಿಲ್ಲ. 25–30 ಎಚ್‌ಪಿ, ಉದ್ದ ಶಾಫ್ಟು, ಕಡಿಮೆ ಪಿಚ್ಚಿನ ಪ್ರೊಪೆಲರ್. ಚಾಲಕನ ಕೈಗೆ ಕಿಲ್ ಸ್ವಿಚ್ಚಿನ ದಾರ, ಅವನು ಬಿದ್ದರೆ ಎಂಜಿನ್ ನಿಲ್ಲುವಂತೆ. ಪೆಟ್ರೋಲ್ ಟ್ಯಾಂಕನ್ನು ಆಸನದ ಪೆಟ್ಟಿಗೆಯೊಳಗೆ ಇಡಬೇಡಿ, ಆವಿ ಗಾಳಿಗಿಂತ ಭಾರ, ಅಲ್ಲೇ ಕೂರುತ್ತದೆ. ಬ್ಯಾಟರಿಯಿಂದ ದೂರ, ಹಿಂದೆ, ತೆರೆದ ಜಾಗದಲ್ಲಿರಲಿ.

ಅಳಿವೆಯ ಬಾಯಿಗೆ ಹೋಗುವುದಿಲ್ಲ ಎಂದಿರಿ, ಒಳ್ಳೆಯದು. ಅಲ್ಲಿ ಮರಳದಿಣ್ಣೆಯ ಮೇಲೆ ಒಡೆಯುವ ಅಲೆ ಎರಡು ಟ್ಯೂಬಿನ ನಡುವೆ ನುಗ್ಗಿ ಅಡ್ಡತೊಲೆಗೆ ಕೆಳಗಿನಿಂದ ಗುದ್ದುತ್ತದೆ. ಮೇಲೆ ಗೇರುಸೊಪ್ಪೆಯಿಂದ ನೀರು ಬಿಟ್ಟಾಗ ಸೆಳೆತ ಬದಲಾಗುವುದನ್ನೂ ಲೆಕ್ಕದಲ್ಲಿಡಿ. ಇಳಿತ ಮತ್ತು ಆ ನೀರು ಜೊತೆಯಾದರೆ ಎಂಜಿನ್ ನಿಂತ ಬೋಟು ನೇರ ಅಳಿವೆಗೇ ಹೋಗುತ್ತದೆ. ಲಂಗರು ಹಗ್ಗ ಕಟ್ಟಿಯೇ ಸಿದ್ಧವಿರಬೇಕು, ಪೆಟ್ಟಿಗೆಯೊಳಗಲ್ಲ.

ಕಾಂಡ್ಲಾ_ದಾರಿ:

ಸರಿ, 12 ಜನಕ್ಕೇ ಒಪ್ಪಿದೆ. 750ರ ಟ್ಯೂಬಿಗೆ ದರ ಕೇಳುತ್ತಿದ್ದೇನೆ. ಕಟ್ಟಿದ ಮೇಲೆ ಈ ಲೆಕ್ಕ ನಿಜವಾಯಿತೋ ಇಲ್ಲವೋ ನೀರಿನಲ್ಲಿ ನೋಡುವುದು ಹೇಗೆ?

ತೂಗುಗುಂಡು:

ಸರ್ವೆಯವರು ತಮ್ಮ ಪರೀಕ್ಷೆ ಮಾಡುತ್ತಾರೆ. ಅದಕ್ಕೂ ಮೊದಲು ನೀವೇ ಮಾಡಿ. ಭರತದ ತುದಿಯಲ್ಲಿ, ಗಾಳಿ ಇಲ್ಲದ ಬೆಳಿಗ್ಗೆ, ಬೋಟು ಎಲ್ಲೂ ನೆಲ ತಾಗದ ಕಡೆ. ಹಗ್ಗ ಎಲ್ಲ ಸಡಿಲ. ಟ್ಯಾಂಕು, ಬ್ಯಾಟರಿ, ಜಾಕೆಟ್ಟು ಎಲ್ಲ ತಮ್ಮ ತಮ್ಮ ಜಾಗದಲ್ಲಿರಲಿ.

25 ಕೆ.ಜಿ.ಯ ಮರಳಿನ ಚೀಲ 36, ಅಂದರೆ 12 ಜನರ 900 ಕೆ.ಜಿ. ಚೀಲವನ್ನು ತಕ್ಕಡಿಯಲ್ಲಿ ತೂಗಿಯೇ ಇಡಿ, ಒದ್ದೆ ಮರಳು ಮೋಸ ಮಾಡುತ್ತದೆ. ಮಾಡಿನ ತೊಲೆಯಿಂದ ಗಾರೆಯವರ ತೂಗುಗುಂಡನ್ನು 2 ಮೀ. ದಾರಕ್ಕೆ ಕಟ್ಟಿ ಇಳಿಬಿಟ್ಟು, ಗುಂಡನ್ನು ಒಂದು ಬಕೆಟ್ ನೀರಿನಲ್ಲಿ ಅದ್ದಿ, ಓಲಾಡುವುದು ನಿಲ್ಲುತ್ತದೆ. ಬಕೆಟ್ಟಿನ ಬಾಯಿಗೆ ಅಡ್ಡಲಾಗಿ ಅಳತೆಪಟ್ಟಿ ಇಡಿ. ಮೊದಲು ಚೀಲಗಳನ್ನು ಎರಡೂ ಬದಿಗೆ ಸಮನಾಗಿ ಹಂಚಿ, ನಾಲ್ಕು ಮೂಲೆಯಲ್ಲೂ ಡೆಕ್ಕಿನಿಂದ ನೀರಿಗೆ ಎಷ್ಟಿದೆ ಅಳೆದು ಬರೆಯಿರಿ. ಆಮೇಲೆ ಒಂದು ಬದಿಯಿಂದ ಇನ್ನೊಂದು ಬದಿಯ ಕಟಾಂಜನದ ಹತ್ತಿರಕ್ಕೆ, ಮಧ್ಯದಿಂದ 1.2 ಮೀ.ಗೆ, ಒಮ್ಮೆಗೆ 6 ಚೀಲದಂತೆ ಸರಿಸಿ. ಪ್ರತಿ ಸಲವೂ ಅಳೆಯಿರಿ. ಬೋಟಿನ ಮೇಲೆ ಇಬ್ಬರೇ, ಜಾಕೆಟ್ ತೊಟ್ಟು, ಅಳೆಯುವಾಗ ನಡುಗೆರೆಯ ಮೇಲೆ ನಿಲ್ಲಬೇಕು. ಚೀಲವನ್ನು ನೆಲದ ಮೇಲಿಟ್ಟರೆ ತೂಕ ತಗ್ಗಿನಲ್ಲಿ ಕೂತು ಫಲಿತಾಂಶ ಚೆಂದ ಬರುತ್ತದೆ. ಆಸನದ ಎತ್ತರಕ್ಕೆ ಹಲಗೆ ಹಾಕಿ ಅದರ ಮೇಲಿಡಿ.

36 ಚೀಲವೂ ಒಂದೇ ಬದಿಗೆ ಬಂದಾಗ ವಾಲುವುದು ಸುಮಾರು 4 ಡಿಗ್ರಿ ಇರಬೇಕು. 2 ಮೀ. ದಾರದಲ್ಲಿ ಅದು 15 ಸೆಂ.ಮೀ., ಡೆಕ್ಕಿನ ಅಂಚು ಇಳಿಯುವುದು 10 ಸೆಂ.ಮೀ. ಆಸುಪಾಸು. ಒಂದೊಂದು ಕಂತಿಗೂ ದಾರ ಸರಿಯುವ ದೂರ ಹೆಚ್ಚುಕಡಿಮೆ ಒಂದೇ ಇರಬೇಕು. ಕೊನೆಯ ಕಂತುಗಳಲ್ಲಿ ಅದು ಮೊದಲಿಗಿಂತ ಹೆಚ್ಚಾಗತೊಡಗಿದರೆ ಅಲ್ಲಿಗೇ ನಿಲ್ಲಿಸಿ ಚೀಲ ಹಿಂದಕ್ಕೆ ಸರಿಸಿ. ಒಂದೋ ತೂಕ ಎಲ್ಲೋ ಮೇಲೆ ಸೇರಿಕೊಂಡಿದೆ, ಇಲ್ಲವೇ ಯಾವುದೋ ಕೋಣೆಯಲ್ಲಿ ನೀರಿದೆ. ಮುಚ್ಚಳ ತೆರೆದು ಕೋಲು ಇಳಿಸಿ.